ಮಿಲಿಓಮ್ ಮೀಟರ್ ಇಲ್ಲದೆ ಮಿಲಿಓಮ್ ಅಳೆದದ್ದು: ನನ್ನ ಅನುಭವ

ಮೋಟಾರ್ ವೈಂಡಿಂಗ್, ಕೇಬಲ್ ಜಾಯಿಂಟ್, ಬ್ಯಾಟರಿ ಸೆಲ್ ಇಂಥವುಗಳ ರೆಸಿಸ್ಟೆನ್ಸ್ ಅಳೆಯಬೇಕಾದರೆ ಮಿಲಿಓಮ್ (ಓಮ್‌ನ ಸಾವಿರದ ಒಂದು ಭಾಗ) ತೋರಿಸುವ ಮಿಲಿಓಮ್ ಮೀಟರ್ ಬೇಕೇ ಬೇಕು, ಅದಿಲ್ಲದೆ ಕೈ ಹಾಕಬೇಡ ಅಂತ ನನಗೆ ಹೇಳದವರಿಲ್ಲ. ಆ ಮೀಟರ್‌ನ ಬೆಲೆ ಕೇಳಿದಾಗ ಅಷ್ಟು ದುಡ್ಡಿಗೆ ಎಷ್ಟು ಮೋಟಾರ್ ರಿವೈಂಡ್ ಮಾಡಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ. ಹಾಕಿ ಸುಮ್ಮನಾದೆ. ಆಮೇಲೆ ನನ್ನ ಹತ್ತಿರ ಇದ್ದ ಸಾಮಾನಿನಲ್ಲೇ ಕೆಲಸ ಸಾಧಿಸಿದೆ. ಈಗ ಅದೇ ಜನ ಮೋಟಾರ್ ಹಿಡಿದುಕೊಂಡು ಬಂದು "ಒಂಚೂರು ನೋಡಿ ಹೇಳಿ" ಅನ್ನುತ್ತಾರೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಓಮ್ ನಿಯಮ ನಿಮಗೆಲ್ಲ ಗೊತ್ತು. ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವಾಟ್. ಅದನ್ನು ಇಲ್ಲಿ ಪಾಠ ಮಾಡಲ್ಲ. ವಿಷಯ ಏನೆಂದರೆ, ಈ ಎರಡು ಲೆಕ್ಕವನ್ನು ಪರೀಕ್ಷೆಗೆ ಓದಿದವರೇ ಕೆಲಸದ ಮೇಜಿನ ಹತ್ತಿರ ಬಂದ ತಕ್ಷಣ ಮೀಟರ್‌ನ ಓಮ್ ರೇಂಜಿಗೆ ತಿರುಗಿಸಿ ಬಿಡುತ್ತಾರೆ. ಸಾವಿರ ಓಮ್ ಇದ್ದರೆ ಅದು ಸರಿ. ಎರಡು ಓಮ್‌ಗಿಂತ ಕಡಿಮೆ ಇದ್ದರೆ ಆ ರೇಂಜ್ ಹೇಳುವುದನ್ನು ನಂಬಬಾರದು. ಸಾಮಾನ್ಯ ಮೀಟರ್‌ನಲ್ಲಿ 200 ಓಮ್ ರೇಂಜಿನ ಕೊನೆಯ ಅಂಕಿಯೇ 0.1 ಓಮ್. ಪ್ರೋಬ್ ವೈರ್‌ಗಳದ್ದೇ 0.2, 0.3 ಓಮ್ ಇರುತ್ತದೆ. ಒತ್ತಿ ಹಿಡಿದರೆ ಒಂದು, ಸಡಿಲ ಬಿಟ್ಟರೆ ಇನ್ನೊಂದು. ಮೀಟರ್ ಒಳಗಿಂದ ಹೋಗುವ ಕರೆಂಟ್ ಒಂದು ಮಿಲಿಆಂಪ್ ಆಸುಪಾಸು. ಅಷ್ಟು ಕಡಿಮೆ ಕರೆಂಟಿಗೆ ಹತ್ತು ಮಿಲಿಓಮ್‌ನ ಜಾಯಿಂಟ್ ಮೇಲೆ ಬೀಳುವ ವೋಲ್ಟೇಜ್ ಹತ್ತು ಮೈಕ್ರೋವೋಲ್ಟ್. ಅದನ್ನು ಆ ಮೀಟರ್ ಎಲ್ಲಿಂದ ನೋಡಬೇಕು?

ಒಂದು ಥ್ರೀ ಫೇಸ್ ಮೋಟಾರ್‌ನಿಂದ ಈ ಕತೆ ಶುರುವಾಯಿತು. ಲೋಡ್ ಇಲ್ಲದೆಯೂ ಬಿಸಿಯಾಗುತ್ತಿತ್ತು, ಒಂದು ಥರ ಗುಂಯ್ ಅಂತ ಸದ್ದು ಬೇರೆ. ಓಮ್ ರೇಂಜಿನಲ್ಲಿ ಮೂರು ಜೋಡಿಗೂ ಹಚ್ಚಿ ನೋಡಿದರೆ 2.1, 2.0, 2.0. ಇದರಲ್ಲಿ ಏನು ತಿಳಿಯುತ್ತದೆ? ಏನೂ ಇಲ್ಲ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿದರೆ ಬಾಡಿಗೆ ಇನ್ಸುಲೇಷನ್ ಚೆನ್ನಾಗಿತ್ತು. ನೋಡಿದವರೆಲ್ಲ ವೈಂಡಿಂಗ್ ಸರಿಯಿದೆ, ಬೇರಿಂಗ್ ನೋಡು ಅಂದರು. ಬೇರಿಂಗ್ ಬದಲಿಸಿದ್ದೂ ಆಯಿತು, ಅದರ ದುಡ್ಡು ದಂಡವೂ ಆಯಿತು. ನನಗೆ ಟರ್ನ್ ಶಾರ್ಟ್, ಅಂದರೆ ಕಾಯಿಲ್‌ನ ಸುತ್ತುಗಳೇ ಒಂದಕ್ಕೊಂದು ತಾಗಿವೆ ಅಂತಲೇ ಅನುಮಾನ. ತೋರಿಸೋಕೆ ಸಾಧನ ಇರಲಿಲ್ಲ.

ಮೊದಲು ಹಿಡಿದ ದಾರಿ ಒಂದು ದೊಡ್ಡ 1.5 ವೋಲ್ಟ್ ಸೆಲ್. ಸೆಲ್‌ನಿಂದ ವೈಂಡಿಂಗಿಗೆ ಕರೆಂಟ್ ಬಿಡುವುದು, ಒಂದು ಮೀಟರ್‌ನಲ್ಲಿ ಆಂಪ್, ಇನ್ನೊಂದರಲ್ಲಿ ವೋಲ್ಟ್ ಓದಿ ಭಾಗಿಸುವುದು. ಕಾಗದದಲ್ಲಿ ಚಂದ. ಆದರೆ ಸೆಲ್‌ನ ಕರೆಂಟ್ ನೋಡುತ್ತ ನೋಡುತ್ತಲೇ ಇಳಿಯುತ್ತಿತ್ತು. ವೋಲ್ಟ್ ಬರೆದುಕೊಳ್ಳುವಷ್ಟರಲ್ಲಿ ಆಂಪ್ ಬದಲಾಗಿರುತ್ತಿತ್ತು. ಕೊನೆಯ ಅಂಕಿ ಯಾವತ್ತೂ ನಿಲ್ಲಲಿಲ್ಲ. ನನಗೆ ಬೇಕಾದದ್ದು ಆ ಕೊನೆಯ ಅಂಕಿಯೇ ಅಲ್ವಾ.

ಇಲ್ಲೊಂದು ಸಮಾಧಾನದ ಮಾತು. ಈ ನಿಯಮ ಕಂಡುಹಿಡಿದ ಜರ್ಮನ್ ವಿಜ್ಞಾನಿ ಓಮ್ ಅವರಿಗೂ ಇದೇ ತೊಂದರೆ ಆಗಿತ್ತು. ಅವರ ಕಾಲದ ಬ್ಯಾಟರಿಗಳು ಸ್ಥಿರವಾಗಿ ಕರೆಂಟ್ ಕೊಡುತ್ತಿರಲಿಲ್ಲ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆ ಕೇಳಿ ಅವರು ಬ್ಯಾಟರಿ ಬಿಟ್ಟು ಬಿಸ್ಮತ್ ಮತ್ತು ತಾಮ್ರದ ಥರ್ಮೋಕಪಲ್ (ಎರಡು ತುದಿಯ ಬಿಸಿಯ ವ್ಯತ್ಯಾಸದಿಂದ ವೋಲ್ಟೇಜ್ ಕೊಡುವ ಲೋಹದ ಜೋಡಿ) ಹಿಡಿದರು. ಒಂದು ತುದಿ ಕುದಿಯುವ ನೀರಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಎರಡರ ಬಿಸಿಯೂ ಕದಲುವುದಿಲ್ಲ, ಹಾಗಾಗಿ ವೋಲ್ಟೇಜೂ ಕದಲುವುದಿಲ್ಲ. 1827ರಲ್ಲಿ ಅವರು ತಮ್ಮ ನಿಯಮವನ್ನು ಪೂರ್ತಿಯಾಗಿ ಪ್ರಕಟಿಸಿದಾಗ ಅವರ ದೇಶದಲ್ಲೇ ಬಹಳ ಜನ ಅದನ್ನು ಒಪ್ಪಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ. ನನಗೆ ಪದಕ ಏನೂ ಬರಲಿಲ್ಲ, ಆದರೆ ಕರೆಂಟ್ ಸ್ಥಿರವಾಗಿರಬೇಕು ಅನ್ನುವುದು ಮಾತ್ರ ತಲೆಗೆ ಹೋಯಿತು.

ಲ್ಯಾಬ್ ಪವರ್ ಸಪ್ಲೈ ಇರುವವರಿಗೆ ಇದು ಸುಲಭ. ಕರೆಂಟ್ ಲಿಮಿಟ್ ಒಂದು ಆಂಪ್‌ಗೆ ಇಟ್ಟುಬಿಟ್ಟರೆ ಮುಗಿಯಿತು. ನನ್ನ ಹತ್ತಿರ ಆಗ ಅದೂ ಇರಲಿಲ್ಲ. ಇದ್ದದ್ದು ಒಂದು ಹಳೇ 12 ವೋಲ್ಟ್ ಬ್ಯಾಟರಿ, ಗಾಡಿಯ 21 ವಾಟ್ ಇಂಡಿಕೇಟರ್ ಬಲ್ಬ್. ಬಲ್ಬನ್ನು ಸೀರೀಸಲ್ಲಿ ಹಾಕಿದೆ. ನೇರ ಲೆಕ್ಕ ಹಾಕಿ ನೋಡಿ: 21 ಭಾಗಿಸು 12, ಅಂದರೆ 1.75 ಆಂಪ್. ಬಲ್ಬಿನ ಗುಣ ಏನೆಂದರೆ ವೋಲ್ಟೇಜ್ ಸ್ವಲ್ಪ ಕಡಿಮೆ ಆದರೆ ತಂತಿ ತಣ್ಣಗಾಗಿ ರೆಸಿಸ್ಟೆನ್ಸ್ ಇಳಿಯುತ್ತದೆ, ಜಾಸ್ತಿ ಆದರೆ ಏರುತ್ತದೆ. ಹಾಗಾಗಿ ಕರೆಂಟ್ ತಾನಾಗಿಯೇ ಸುಮಾರು ಒಂದೇ ಕಡೆ ನಿಲ್ಲುತ್ತದೆ. ಸಪ್ಲೈನಷ್ಟು ಗಟ್ಟಿ ಅಲ್ಲ. ಆದರೆ ಸೆಲ್‌ಗಿಂತ ನೂರು ಪಾಲು ಮೇಲು. ಬಲ್ಬ್ ಹಚ್ಚಿ ಒಂದು ನಿಮಿಷ ಬಿಡಬೇಕು, ಆಮೇಲೆ ಓದಬೇಕು. ಶಾರ್ಟ್ ಆದರೂ ಬಲ್ಬ್ ಉರಿಯುತ್ತದೆ ಅಷ್ಟೇ, ಏನೂ ಸುಡಲ್ಲ. ಇದನ್ನು ನೋಡಿದವರೊಬ್ಬರು ನಕ್ಕರು. ನಗಲಿ.

ಎರಡನೇ ತಲೆನೋವು ಕರೆಂಟ್ ಓದುವುದು. ನನ್ನ ಮೀಟರ್‌ನ 10 ಆಂಪ್ ರೇಂಜಿನಲ್ಲಿ 1.55 ಅಂತ ತೋರಿಸುತ್ತದೆ, ಕೊನೆಯ ಅಂಕಿ 0.01. ಅದರ ನಿಖರತೆ ಒಂದು ಒಂದೂವರೆ ಶೇಕಡಾ. ವೋಲ್ಟ್ ರೇಂಜಿನದ್ದು ಅರ್ಧ ಶೇಕಡಾ. ಭಾಗಿಸಿದಾಗ ಎರಡೂ ತಪ್ಪು ಕೂಡಿಕೊಂಡು ಎರಡು ಶೇಕಡಾ ಹತ್ತಿರ ಬರುತ್ತದೆ. ವಾಟ್ ಲೆಕ್ಕಕ್ಕೂ ಅಷ್ಟೇ, ಗುಣಿಸಿದರೂ ತಪ್ಪು ಕೂಡಿಕೊಳ್ಳುತ್ತದೆ. ಅದಕ್ಕೆ ನಾನು ಆಂಪ್ ರೇಂಜನ್ನೇ ಬಿಟ್ಟೆ. 1 ಓಮ್, ಒಂದು ಶೇಕಡಾ ರೆಸಿಸ್ಟರ್ ಹತ್ತು ತಗೊಂಡು ದಪ್ಪ ತಾಮ್ರದ ಎರಡು ತುಂಡುಗಳ ನಡುವೆ ಪ್ಯಾರಲಲ್ ಬೆಸುಗೆ ಹಾಕಿದೆ. ಸೇರಿ 0.1 ಓಮ್. ಹತ್ತರಲ್ಲಿ ಒಂದು ಸ್ವಲ್ಪ ಹೆಚ್ಚಿದ್ದರೆ ಇನ್ನೊಂದು ಕಡಿಮೆ ಇರುತ್ತದೆ. ಬಿಸಿಯೂ ಹತ್ತು ಕಡೆ ಹಂಚಿಹೋಗುತ್ತದೆ. 1.55 ಆಂಪ್ ಹೋದರೆ ಅದರ ಮೇಲೆ 155 ಮಿಲಿವೋಲ್ಟ್. 200 ಮಿಲಿವೋಲ್ಟ್ ರೇಂಜಿನಲ್ಲಿ 155.3 ಅಂತ ನಾಲ್ಕು ಅಂಕಿ ಬರುತ್ತದೆ. ಒಂದೇ ಮೀಟರ್, ಚಿಕ್ಕ ಅಳತೆಗೆ ರೇಂಜೂ ಒಂದೇ. ಮೊದಲು ಇದರ ಮೇಲೆ ಓದುವುದು, ಆಮೇಲೆ ಅಳೆಯಬೇಕಾದ್ದರ ಮೇಲೆ ಓದುವುದು, ಮತ್ತೆ ಇದರ ಮೇಲೆ ಓದಿ ಕರೆಂಟ್ ಕದಲಿಲ್ಲ ಅಂತ ಖಚಿತ ಮಾಡಿಕೊಳ್ಳುವುದು. ಎರಡು ಓದಿನ ಅನುಪಾತ ಸಿಕ್ಕರೆ ಸಾಕು. ಮೀಟರ್ ಒಂದು ಶೇಕಡಾ ಹೆಚ್ಚು ತೋರಿಸುತ್ತಿದ್ದರೆ ಎರಡರಲ್ಲೂ ಹೆಚ್ಚು ತೋರಿಸುತ್ತದೆ, ಭಾಗಿಸಿದಾಗ ಹೊಡೆದುಹೋಗುತ್ತದೆ. ಎರಡು ಮೀಟರ್ ಕೊಳ್ಳುವ ದುಡ್ಡೂ ಉಳಿಯಿತು.

ಆ ರೆಸಿಸ್ಟರ್ ಕಟ್ಟಿಗೆ ಕರೆಂಟ್ ವೈರ್ ಬೇರೆ ಕಡೆ, ವೋಲ್ಟ್ ವೈರ್ ಬೇರೆ ಕಡೆ ಬೆಸೆಯಬೇಕು. ಎಲ್ಲಿ ಬೆಸೆಯಬೇಕು ಅನ್ನುವುದರಲ್ಲಿ ಒಂದು ಚಿಕ್ಕ ಕೈಚಳಕ ಇದೆ. ಅದು ನನ್ನಲ್ಲೇ ಇರಲಿ. ನೀವೇ ಜಾಗ ಬದಲಿಸಿ ಬದಲಿಸಿ ನೋಡಿ, ಅರ್ಧ ದಿನದಲ್ಲಿ ಸಿಗುತ್ತದೆ.

ಮೂರನೇದು, ಎಲ್ಲರನ್ನೂ ಕೆಡಿಸುವುದು, ಕ್ಲಿಪ್. ಕರೆಂಟ್ ಬಿಡುವ ಮೊಸಳೆ ಕ್ಲಿಪ್ಪಿನ ಮೇಲೆಯೇ ವೋಲ್ಟ್ ಪ್ರೋಬ್ ಇಟ್ಟರೆ ಕ್ಲಿಪ್ಪಿನ ಹಲ್ಲು ಕಚ್ಚಿದ ಜಾಗದ ರೆಸಿಸ್ಟೆನ್ಸೂ ಲೆಕ್ಕಕ್ಕೆ ಸೇರುತ್ತದೆ. ನನ್ನ ಕ್ಲಿಪ್‌ಗಳಲ್ಲಿ ಅದು ಹತ್ತರಿಂದ ಮೂವತ್ತು ಮಿಲಿಓಮ್, ಅದೂ ಪ್ರತಿ ಸಲ ಬೇರೆ. ಐದು ಮಿಲಿಓಮ್‌ನ ಜಾಯಿಂಟ್ ಅಳೆಯಲು ಹೋಗಿ ಕ್ಲಿಪ್ಪನ್ನೇ ಅಳೆದ ಹಾಗೆ. ವೋಲ್ಟ್ ಪ್ರೋಬ್ ಯಾವಾಗಲೂ ಕರೆಂಟ್ ಕ್ಲಿಪ್‌ಗಳ ಒಳಗಡೆ, ಅಳೆಯಬೇಕಾದ ಲೋಹಕ್ಕೇ ಮುಟ್ಟಬೇಕು. ವೋಲ್ಟ್ ಮೀಟರ್ ಒಳಗೆ ಹತ್ತು ಮೆಗಾಓಮ್ ಇರುವುದರಿಂದ ಆ ಪ್ರೋಬ್‌ಗಳಲ್ಲಿ ಕರೆಂಟೇ ಹೋಗಲ್ಲ. ಹಾಗಾಗಿ ಅವುಗಳ ರೆಸಿಸ್ಟೆನ್ಸ್ ಎಷ್ಟಿದ್ದರೂ ಚಿಂತೆ ಇಲ್ಲ. ಈ ನಾಲ್ಕು ತಂತಿಯ ಉಪಾಯ 1860ರ ದಶಕದಿಂದ ಇದೆ, ಈಗ ಅದಕ್ಕೆ ವಿಜ್ಞಾನಿ ಕೆಲ್ವಿನ್ ಅವರ ಹೆಸರಿದೆ. ದುಬಾರಿ ಮಿಲಿಓಮ್ ಮೀಟರ್ ಒಳಗೆ ನಡೆಯುವುದೂ ಇದೇ. ಪೆಟ್ಟಿಗೆ ಚಂದ, ಅಷ್ಟೇ.

ಈಗ ಆ ಮೋಟಾರ್‌ಗೆ ಬರೋಣ. ಸ್ಟಾರ್ ಕನೆಕ್ಷನ್, ಅಂದರೆ ಮೂರು ಫೇಸ್‌ಗಳ ಒಂದೊಂದು ತುದಿಯನ್ನು ಒಟ್ಟಿಗೆ ಒಳಗೇ ಕಟ್ಟಿದ್ದು. ಮೂರು ತುದಿ ಮಾತ್ರ ಹೊರಗೆ. ಮೊದಲ ಜೋಡಿಯ ಮೇಲೆ ಸುಮಾರು 2.85 ವೋಲ್ಟ್ 1.55 ಆಂಪ್‌ಗೆ, ಅಂದರೆ 1.84 ಓಮ್. ಎರಡನೇ ಜೋಡಿ 2.68 ವೋಲ್ಟ್ 1.56ಕ್ಕೆ, ಅಂದರೆ 1.72. ಮೂರನೇದೂ 1.72. ಸ್ಟಾರ್‌ನಲ್ಲಿ ಎರಡು ತುದಿಗಳ ನಡುವೆ ಎರಡು ಫೇಸ್ ಸೀರೀಸಲ್ಲಿ ಇರುತ್ತವೆ. ಎರಡು ಜೋಡಿ ಕಡಿಮೆ, ಒಂದು ಜೋಡಿ ಸರಿ ಅಂದರೆ ಕಡಿಮೆ ಬಂದ ಎರಡಕ್ಕೂ ಸೇರಿದ ಫೇಸ್ ಹಾಳು. ಸರಿಯಾದ ಫೇಸ್ 0.92, ಹಾಳಾದದ್ದು 0.80. ಹದಿಮೂರು ಶೇಕಡಾ ವ್ಯತ್ಯಾಸ. ಇದೇ ಅಳತೆಯನ್ನು ಓಮ್ ರೇಂಜ್ 2.1, 2.0 ಅಂತ ತೋರಿಸಿ ಮುಚ್ಚಿಹಾಕಿತ್ತು.

ಬಿಚ್ಚಿದೆವು. ಸ್ಲಾಟಿನ ಬಾಯಿಯ ಹತ್ತಿರ ಒಂದು ಕಾಯಿಲ್‌ನ ವಾರ್ನಿಷ್ ಕಪ್ಪಾಗಿ ಎರಡು ಮೂರು ಸುತ್ತು ಅಂಟಿಕೊಂಡಿತ್ತು. ಅಲ್ಲಿ ನಿಂತಿದ್ದವರ ಮುಖ ನೋಡಬೇಕಿತ್ತು. ಬೇರಿಂಗ್ ಅಂದವರು ಆ ಹೊತ್ತಿಗೆ ಅಲ್ಲಿ ಇರಲಿಲ್ಲ, ಅದೊಂದೇ ಬೇಜಾರು.

ಡೆಲ್ಟಾ (ಮೂರು ಫೇಸ್ ತ್ರಿಕೋನದ ಹಾಗೆ ಕಟ್ಟಿದ್ದು) ಆದರೆ ಲೆಕ್ಕ ಬೇರೆ ಎಂದು ನೆನಪಿಡಿ. ಅಲ್ಲಿ ಒಂದು ಫೇಸಿಗೆ ಉಳಿದ ಎರಡು ಫೇಸ್ ಪ್ಯಾರಲಲ್ ಆಗಿರುತ್ತವೆ. ಮೂರೂ ಸರಿಯಿದ್ದರೆ ತುದಿಗಳ ನಡುವೆ ಸಿಗುವುದು ಒಂದು ಫೇಸಿನ ಮೂರನೇ ಎರಡು ಭಾಗ. ದೋಷ ಸ್ವಲ್ಪ ಮಸುಕಾಗಿ ಕಾಣುತ್ತದೆ. ಸಾಧ್ಯವಾದರೆ ಲಿಂಕ್ ಪಟ್ಟಿ ತೆಗೆದು ಬೇರೆ ಬೇರೆ ಅಳೆಯಿರಿ.

ಒಂದು ಎಚ್ಚರ, ಇದನ್ನು ಯಾರೂ ಮೊದಲೇ ಹೇಳಲ್ಲ. ವೈಂಡಿಂಗ್ ಅಂದರೆ ದೊಡ್ಡ ಕಾಯಿಲ್. ಒಂದೂವರೆ ಆಂಪ್ ಹೋಗುತ್ತಿರುವಾಗ ಕ್ಲಿಪ್ ಎಳೆದರೆ ಕಾಯಿಲ್ ಒದೆಯುತ್ತದೆ. ನೂರಾರು ವೋಲ್ಟ್ ಒಂದು ಕ್ಷಣಕ್ಕೆ ಬರುತ್ತದೆ. ಮಿಲಿವೋಲ್ಟ್ ರೇಂಜಿನಲ್ಲಿದ್ದ ಮೀಟರ್ ಅಲ್ಲೇ ಹೋಗಬಹುದು. ನನ್ನ ಹಳೇ ಮೀಟರ್ ಒಂದು ಇದಕ್ಕೇ ಬಲಿಯಾಯಿತು, ಕೈಗೂ ಚುರುಕ್ ಅಂತು. ಈಗ ಮೊದಲು ವೋಲ್ಟ್ ಪ್ರೋಬ್ ತೆಗೆಯುತ್ತೇನೆ, ಆಮೇಲೆ ಕರೆಂಟ್ ನಿಲ್ಲಿಸುತ್ತೇನೆ. ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಉಲ್ಟಾ ಹಾಕಿಟ್ಟಿದ್ದೇನೆ. ಟ್ರಾನ್ಸ್‌ಫಾರ್ಮರ್ ಆದರೆ ಇನ್ನೂ ಜೋಪಾನ. ಅದರಲ್ಲಿ ಕರೆಂಟ್ ಸ್ಥಿರವಾಗೋಕೂ ಸಮಯ ಬೇಕು. ಅಂಕಿ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ, ಅವಸರ ಮಾಡಿ ಬರೆದುಕೊಂಡರೆ ಓಮ್ ಜಾಸ್ತಿ ಬರುತ್ತದೆ.

ಖರ್ಚಿನ ಮಾತು. ಬ್ಯಾಟರಿ, ಬಲ್ಬ್ ಮೂಲೆಯಲ್ಲಿ ಬಿದ್ದಿದ್ದವು. ಹತ್ತು ರೆಸಿಸ್ಟರ್, ಒಂದಷ್ಟು ಕ್ಲಿಪ್, ತಾಮ್ರದ ತುಂಡು. ಒಂದು ಮೋಟಾರ್ ರಿವೈಂಡ್ ಮಾಡುವ ಕೂಲಿಯ ಕಾಲು ಭಾಗವೂ ಆಗಲಿಲ್ಲ. ಹೋದ ಮೀಟರ್ ಸೇರಿಸಿದರೆ ಕಾಲು ಭಾಗ ದಾಟಿತು ಅನ್ನಿ. ಆಮೇಲೆ ಪರಿಚಯದವರ ಹತ್ತಿರ ಒಂದು ನಿಜವಾದ ಮಿಲಿಓಮ್ ಮೀಟರ್ ಒಂದು ದಿನಕ್ಕೆ ಎರವಲು ಸಿಕ್ಕಿತು. ಅದರಲ್ಲೂ ನನ್ನದರಲ್ಲೂ ಅವೇ ವೈಂಡಿಂಗ್‌ಗಳನ್ನು ಅಳೆದೆ. ಮೂರನೇ ಅಂಕಿಯಲ್ಲಿ ಒಂದು ಎರಡು ಆಚೀಚೆ, ಅಷ್ಟೇ ವ್ಯತ್ಯಾಸ. ಅದನ್ನು ವಾಪಸ್ ಕೊಡುವಾಗ ಏನೂ ಬೇಸರ ಆಗಲಿಲ್ಲ.

ಕಿಟ್ ಕೈಗೆ ಬಂದ ಮೇಲೆ ಸುಮ್ನೆ ಕೂರಲಾಗುತ್ತದಾ? ಕಂಡದ್ದನ್ನೆಲ್ಲ ಅಳೆಯತೊಡಗಿದೆ.

ವೈರ್ ಅಳೆದೆ. 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಕಿಲೋಮೀಟರಿಗೆ 12.1 ಓಮ್ ಮೀರಬಾರದು ಅಂತ ಪಟ್ಟಿಗಳಲ್ಲಿ ಇರುತ್ತದೆ. ಹತ್ತು ಮೀಟರಿಗೆ 121 ಮಿಲಿಓಮ್. ಒಳ್ಳೆಯ ವೈರ್ 118, 119 ತೋರಿಸಿತು. ಇನ್ನೊಂದು ಸುರುಳಿ, ಅದರ ಮೈ ಮೇಲೂ 1.5 ಅಂತಲೇ ಬರೆದಿತ್ತು, 150 ದಾಟಿತು. ಲೆಕ್ಕ ಹಾಕಿ. ಅದರಲ್ಲಿ ಇರುವ ತಾಮ್ರ 1.2ಕ್ಕಿಂತ ಜಾಸ್ತಿ ಇರಲಾರದು, ಇಲ್ಲ ಅಂದರೆ ತಾಮ್ರವೇ ಶುದ್ಧ ಅಲ್ಲ. ಮೂಸಿ, ಬಾಗಿಸಿ, ತೂಗಿ ವೈರ್ ಪರೀಕ್ಷೆ ಮಾಡುವವರಿಗೆ ಇದು ಕಾಣುವುದಿಲ್ಲ. ಅಳೆಯುವಾಗ ವೈರ್ ಸುರುಳಿಯಲ್ಲೇ ಇರಲಿ, ತೊಂದರೆ ಇಲ್ಲ. ಬಿಸಿ ಮಾತ್ರ ಗಮನಿಸಿ. ತಾಮ್ರ ಹತ್ತು ಡಿಗ್ರಿ ಏರಿದರೆ ನಾಲ್ಕು ಶೇಕಡಾ ರೆಸಿಸ್ಟೆನ್ಸ್ ಏರುತ್ತದೆ. ಪಟ್ಟಿಯ ಅಂಕಿ 20 ಡಿಗ್ರಿಯದ್ದು. ಬಿಸಿಲಲ್ಲಿ ಬಿದ್ದಿದ್ದ ವೈರ್ ಅಳೆದು ಮಾರಿದವನ ಮೇಲೆ ಜಗಳಕ್ಕೆ ಹೋಗಬೇಡಿ.

ಈ ನಾಲ್ಕು ಶೇಕಡಾವನ್ನೇ ತಿರುಗಿಸಿ ಉಪಯೋಗಿಸಬಹುದು. ಮೋಟಾರ್ ತಣ್ಣಗಿದ್ದಾಗ 28 ಡಿಗ್ರಿಯಲ್ಲಿ 1.84 ಓಮ್. ಲೋಡ್ ಮೇಲೆ ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೆ 2.34. ತಣ್ಣಗಿನ ಡಿಗ್ರಿಗೆ ತಾಮ್ರದ ಸ್ಥಿರಾಂಕ 234.5 ಕೂಡಿಸಿ, ಎರಡು ಓಮ್‌ಗಳ ಅನುಪಾತದಿಂದ ಗುಣಿಸಿ, ಮತ್ತೆ 234.5 ಕಳೆಯಿರಿ. 99 ಡಿಗ್ರಿ ಹತ್ತಿರ ಬರುತ್ತದೆ. ಹೊರಗಿನ ಬಾಡಿ ಮುಟ್ಟಿದರೆ ಅರವತ್ತು ಎಪ್ಪತ್ತು ಅನಿಸುತ್ತಿತ್ತು. ಒಳಗಿನ ಸತ್ಯ ತಾಮ್ರವೇ ಹೇಳಿತು. ಬಿ ಕ್ಲಾಸ್ ಇನ್ಸುಲೇಷನ್ 130 ಡಿಗ್ರಿವರೆಗೆ ತಡೆಯುತ್ತದೆ, ಹಾಗಾಗಿ ಆ ಮೋಟಾರ್‌ಗೆ ತೊಂದರೆ ಇರಲಿಲ್ಲ. ಅಲ್ಯೂಮಿನಿಯಂ ವೈಂಡಿಂಗ್ ಆದರೆ 234.5 ಬದಲು 225 ಹಾಕಬೇಕು. ಸಪ್ಲೈ ಪೂರ್ತಿ ತೆಗೆದು, ರೋಟರ್ ನಿಂತ ಮೇಲೆಯೇ ಕೈ ಹಾಕಿ, ಆದರೆ ತಡ ಮಾಡಬೇಡಿ. ಒಂದು ನಿಮಿಷಕ್ಕೇ ಐದಾರು ಡಿಗ್ರಿ ಇಳಿದಿದ್ದು ನೋಡಿದ್ದೇನೆ.

ಇನ್ನು ಪವರ್. ಇಲ್ಲಿ ನನಗೆ ನಿಜಕ್ಕೂ ದುಡ್ಡು ಉಳಿಸಿಕೊಟ್ಟದ್ದು ಒಂದು ಹೀಟರ್. 230 ವೋಲ್ಟಿಗೆ 2000 ವಾಟ್ ಅಂತ ಬರೆದಿತ್ತು, ನೀರು ಕಾಯೋದು ತಡ. ಎಲಿಮೆಂಟ್ ಹೋಗಿದೆ, ಬದಲಿಸು ಅಂದರು. ಬದಲಿಸುವ ಮುಂಚೆ ಅಳೆದೆ. ಹೀಟರ್ ಹಾಕದಿದ್ದಾಗ ಸಾಕೆಟ್‌ನಲ್ಲಿ 231 ವೋಲ್ಟ್. ಹಾಕಿದಾಗ 224. ಕ್ಲ್ಯಾಂಪ್ ಮೀಟರ್‌ನಲ್ಲಿ 8.5 ಆಂಪ್. 224 ಭಾಗಿಸು 8.5, ಎಲಿಮೆಂಟ್ 26.4 ಓಮ್. ಬರೆದ ವಾಟೇಜ್‌ಗೆ ಬರಬೇಕಾದದ್ದೂ 230ರ ವರ್ಗ ಭಾಗಿಸು 2000, ಅಂದರೆ 26.45. ಎಲಿಮೆಂಟ್ ಹೊಸದರಷ್ಟೇ ಚೆನ್ನಾಗಿದೆ! ಸಿಗುತ್ತಿರುವ ಪವರ್ 224 ಗುಣಿಸು 8.5, ಸುಮಾರು 1900 ವಾಟ್. ನೀರು ತಡವಾಗಿ ಕಾಯೋದಕ್ಕೆ ಕಾರಣ ಪಾತ್ರೆಯೊಳಗಿನ ಗಸಿ ಮತ್ತು ಥರ್ಮೋಸ್ಟಾಟ್, ಅದು ಬೇರೆ ಕತೆ. ನನ್ನ ಕಣ್ಣಿಗೆ ಬಿದ್ದದ್ದು ಆ ಕಾಣೆಯಾದ ಏಳು ವೋಲ್ಟ್. 7 ಭಾಗಿಸು 8.5, ಅಂದರೆ 0.82 ಓಮ್ ದಾರಿಯಲ್ಲಿ ಕೂತಿದೆ. 7 ಗುಣಿಸು 8.5, ಸುಮಾರು 60 ವಾಟ್ ಗೋಡೆಯೊಳಗೆ ಎಲ್ಲೋ ಬಿಸಿಯಾಗುತ್ತಿದೆ. ವೈರ್ 2.5 ಚದರ ಮಿಲಿಮೀಟರ್, ಹೋಗಿ ಬರೋಕೆ ನಲವತ್ತು ಮೀಟರ್. ಕಿಲೋಮೀಟರಿಗೆ 7.41 ಓಮ್ ಲೆಕ್ಕದಲ್ಲಿ ಅದು 0.3 ಓಮ್ ಮಾತ್ರ. ಉಳಿದ ಅರ್ಧ ಓಮ್ ಎಲ್ಲಿ?

ಮೇನ್ಸ್ ಮೇಲೆ ಡ್ರಾಪ್ ಹುಡುಕುವುದು ಅಭ್ಯಾಸ ಇದ್ದವರ ಕೆಲಸ. ಸರಿಯಾದ ಪ್ರೋಬ್, ಒಂದು ಕೈ ಹಿಂದೆ, ಪಕ್ಕದಲ್ಲಿ ಇನ್ನೊಬ್ಬರು. ಇಲ್ಲದಿದ್ದರೆ ಸಪ್ಲೈ ತೆಗೆದು ಬ್ಯಾಟರಿ ಮತ್ತು ಬಲ್ಬಿನ ಕಿಟ್‌ನಲ್ಲೇ ಒಂದೊಂದೇ ಜಾಯಿಂಟ್ ನೋಡಿ. ನಾನು ಎರಡನೇ ದಾರಿಯನ್ನೇ ಹಿಡಿದೆ. ಜಂಕ್ಷನ್ ಬಾಕ್ಸಿನ ಒಂದು ತಿರುಚಿದ ಜಾಯಿಂಟ್ 0.35 ಓಮ್. 8.5ರ ವರ್ಗ ಸುಮಾರು 72, ಅದನ್ನು 0.35ರಿಂದ ಗುಣಿಸಿದರೆ 25 ವಾಟ್. ಬೆರಳು ಗಾತ್ರದ ಟೇಪ್ ಸುತ್ತಿದ ಗಂಟಿನಲ್ಲಿ 25 ವಾಟ್ ಅಂದರೆ ಬೆಸುಗೆ ಕಡ್ಡಿಯ ಬಿಸಿ. ಟೇಪ್ ಬಿಚ್ಚಿದಾಗ ಒಳಗೆ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿ ಆಗಿತ್ತು. ಕ್ರಿಂಪ್ ಮಾಡಿದ ಮೇಲೆ ಅದೇ ಜಾಗ ಒಂದು ಮಿಲಿಓಮ್ ಆಸುಪಾಸಿಗೆ ಇಳಿಯಿತು. ಎಲಿಮೆಂಟಿನ ದುಡ್ಡು ಉಳಿಯಿತು ಅನ್ನುವುದಕ್ಕಿಂತ ಆ ಗೋಡೆ ಉಳಿಯಿತು.

ಹೀಟರ್ ವಿಷಯದಲ್ಲಿ ಇನ್ನೊಂದು. ವೋಲ್ಟೇಜ್ ಹತ್ತು ಶೇಕಡಾ ಇಳಿದರೆ ಪವರ್ ಹತ್ತು ಶೇಕಡಾ ಇಳಿಯಲ್ಲ, ಹತ್ತೊಂಬತ್ತು ಇಳಿಯುತ್ತದೆ. 207 ವೋಲ್ಟ್ ಬಂದರೆ ಆ 2000 ವಾಟಿನ ಹೀಟರ್ 1620 ವಾಟ್ ಮಾತ್ರ. ಎಲಿಮೆಂಟ್ ವೀಕ್ ಆಗಿದೆ ಅನ್ನುವ ದೂರುಗಳಲ್ಲಿ ಅರ್ಧಕ್ಕರ್ಧ ಇದೇ. ನಿಕ್ರೋಮ್ ತಂತಿ ವಯಸ್ಸಾಯಿತು ಅಂತ ವೀಕ್ ಆಗುವುದು ಕಡಿಮೆ. ಒಂದೋ ಇರುತ್ತದೆ, ಒಂದೋ ತುಂಡಾಗುತ್ತದೆ.

ಬಲ್ಬಿನ ಪ್ರಯೋಗ ಸುಮ್ನೆ ಖುಷಿಗೆ ಮಾಡಿದ್ದು. ಹಳೇ 60 ವಾಟ್ ತಂತಿ ಬಲ್ಬ್ ತಣ್ಣಗಿದ್ದಾಗ ಓಮ್ ರೇಂಜಿನಲ್ಲಿ ಅರವತ್ತೈದು ಓಮ್ ಹತ್ತಿರ. ಅದರಿಂದ ಪವರ್ ಲೆಕ್ಕ ಹಾಕಿದರೆ ಎಂಟುನೂರು ವಾಟ್ ಬರುತ್ತದೆ! ಉರಿಯುವಾಗ 230 ವೋಲ್ಟ್, 0.26 ಆಂಪ್, ಅಂದರೆ 880 ಓಮ್. ಹದಿಮೂರು ಪಟ್ಟು ವ್ಯತ್ಯಾಸ. ಅದಕ್ಕೇ ಬಲ್ಬ್ ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುವುದು. ಕೆಲಸ ಮಾಡುವ ವೋಲ್ಟೇಜಿನಲ್ಲೇ ಅಳೆಯಬೇಕಾಗಿಲ್ಲ ಅನ್ನುವವರ ಜೊತೆ ವಾದ ಮಾಡುವಾಗ ನಾನು ಈ ಬಲ್ಬನ್ನೇ ತೋರಿಸುತ್ತೇನೆ.

ನನ್ನ ವಿಧಾನವನ್ನು ಅನುಮಾನಿಸಿದವರಲ್ಲಿ ಒಬ್ಬರ ಪ್ರಶ್ನೆ ಮಾತ್ರ ಚೆನ್ನಾಗಿತ್ತು. "ಓಡುವ ಮೋಟಾರ್ 230 ವೋಲ್ಟಿಗೆ 4 ಆಂಪ್ ತಗೊಳ್ಳುತ್ತೆ, ಭಾಗಿಸಿದರೆ 57.5 ಓಮ್. ನೀವು ಎರಡು ಓಮ್ ಅಂತೀರಿ. ಯಾವುದು ಸರಿ?" ಎರಡೂ ಸರಿ. ಎಸಿಯಲ್ಲಿ ಓಡುವಾಗ ಕಾಯಿಲ್‌ನ ರಿಯಾಕ್ಟೆನ್ಸ್ (ಎಸಿಗೆ ಕಾಯಿಲ್ ಒಡ್ಡುವ ತಡೆ), ತಿರುಗುವ ರೋಟರ್‌ನ ಎದುರು ವೋಲ್ಟೇಜ್ ಎಲ್ಲ ಸೇರಿ ಕರೆಂಟನ್ನು ತಡೆಯುತ್ತವೆ. ತಾಮ್ರದ್ದು ಬರೀ ಎರಡು ಓಮ್. ಬಿಸಿಯಾಗಿ ಹೋಗುವ ಪವರ್‌ಗೆ ಆ ಎರಡು ಓಮನ್ನೇ ಕರೆಂಟಿನ ವರ್ಗದಿಂದ ಗುಣಿಸಬೇಕು, 4ರ ವರ್ಗ 16, ಅಂದರೆ 32 ವಾಟ್. 230 ಗುಣಿಸು 4 ಮಾಡಿ 920 ವಾಟ್ ಅನ್ನುವುದೂ ತಪ್ಪು. ಅದು ವಿಎ (ವೋಲ್ಟ್-ಆಂಪಿಯರ್). ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾದ ಪವರ್ ಎಷ್ಟು ಪಾಲು ಅನ್ನುವ ಅಂಕಿ) ಗುಣಿಸಿದರೆ ವಾಟ್. ಎಲ್‌ಇಡಿ ಬಲ್ಬ್‌ಗಳಲ್ಲೂ ಇದೇ ಗೋಳು. ಒಂಬತ್ತು ವಾಟಿನ ಅಗ್ಗದ ಬಲ್ಬ್ 0.08 ಆಂಪ್ ತೋರಿಸುತ್ತದೆ. ಗುಣಿಸಿದವರು 18 ವಾಟ್ ತಿನ್ನುತ್ತಿದೆ ಅಂತ ಗಾಬರಿಯಾಗುತ್ತಾರೆ. ಹೀಟರ್‌ಗೆ ನೇರ ಗುಣಾಕಾರ ನಡೆಯುತ್ತದೆ, ಡಿಸಿಗೆ ನಡೆಯುತ್ತದೆ. ಉಳಿದದ್ದಕ್ಕೆ ವಾಟ್ ಮೀಟರ್ ಇಟ್ಟುಕೊಳ್ಳಿ, ಅದರಲ್ಲಿ ಜಿಪುಣತನ ಬೇಡ.

ಬ್ಯಾಟರಿ ಸೆಲ್ ಆರಿಸುವುದು ಈಗ ನನ್ನ ಸೈಡ್ ದಂಧೆ. ಹಳೇ ಲ್ಯಾಪ್‌ಟಾಪ್ ಪ್ಯಾಕಿನ 18650 ಎಂಬ ಲಿಥಿಯಂ ಸೆಲ್‌ಗಳು. ಲೋಡ್ ಇಲ್ಲದೆ 4.02 ವೋಲ್ಟ್, 2 ಆಂಪ್ ಲೋಡ್ ಹಾಕಿದರೆ 3.90. ಇಳಿದದ್ದು 0.12, ಎರಡರಿಂದ ಭಾಗಿಸಿದರೆ 60 ಮಿಲಿಓಮ್. ಇಟ್ಟುಕೋ. ಇನ್ನೊಂದು 3.62ಕ್ಕೆ ಬಿತ್ತು, 200 ಮಿಲಿಓಮ್. ಲೋಡ್ ಇಲ್ಲದಾಗ ಎರಡೂ ಒಂದೇ ವೋಲ್ಟ್, ನೋಡಿದವರಿಗೆ ಎರಡೂ ಗಟ್ಟಿ ಸೆಲ್. ಎರಡನೇದು 2 ಆಂಪ್ ಕೊಡುವಾಗ ತನ್ನೊಳಗೇ 0.8 ವಾಟ್ ಸುಡುತ್ತಿದೆ. ಎಸೆದುಬಿಡು. ಲೋಡ್ ಹಾಕಿದ ಮೇಲೆ ಎಷ್ಟು ಸೆಕೆಂಡಿಗೆ ಓದುತ್ತೀರಿ ಅನ್ನುವುದು ಮುಖ್ಯ. ವೋಲ್ಟ್ ಇಳಿಯುತ್ತಲೇ ಇರುತ್ತದೆ. ಎಲ್ಲ ಸೆಲ್‌ಗೂ ಒಂದೇ ಸಮಯ ಇಟ್ಟುಕೊಂಡರೆ ಹೋಲಿಕೆ ಸರಿಯಾಗುತ್ತದೆ. ನನ್ನ ಸಮಯ ಎಷ್ಟು ಅಂತ ಕೇಳಬೇಡಿ, ಆ ದಂಧೆಯಲ್ಲಿ ಪೈಪೋಟಿ ಜಾಸ್ತಿ. ಒಂದು ಕಿಲೋಹರ್ಟ್ಸ್ ಎಸಿಯಲ್ಲಿ ಅಳೆಯುವ ರೆಡಿಮೇಡ್ ಮೀಟರ್ ಇದಕ್ಕಿಂತ ಕಡಿಮೆ ತೋರಿಸುತ್ತದೆ. ಅದರ ಅಂಕಿಗೂ ಇದರ ಅಂಕಿಗೂ ತಾಳೆ ಹಾಕಬೇಡಿ.

ಬೋರ್ಡ್ ಮೇಲಿನ ಶಾರ್ಟ್ ಹುಡುಕೋಕೂ ಇದೇ ಉಪಾಯ. ಸಪ್ಲೈ ಅರ್ಧ ವೋಲ್ಟ್ ಮೀರದಂತೆ ಇಟ್ಟು ಒಂದು ಆಂಪ್ ಬಿಡುವುದು. ಸಾಮಾನ್ಯ ಬೋರ್ಡಿನ 35 ಮೈಕ್ರಾನ್ ತಾಮ್ರದ ಪಟ್ಟಿಯಲ್ಲಿ ಅಗಲದಷ್ಟೇ ಉದ್ದಕ್ಕೆ ಅರ್ಧ ಮಿಲಿಓಮ್. ಕರೆಂಟ್ ಹೋಗುವ ದಾರಿಯಲ್ಲಿ ಮಾತ್ರ ಮಿಲಿವೋಲ್ಟ್ ಇಳಿಯುತ್ತಾ ಹೋಗುತ್ತದೆ, ದಾರಿ ಬಿಟ್ಟರೆ ಅಂಕಿ ನಿಂತುಬಿಡುತ್ತದೆ. ಎಲ್ಲಿ ನಿಂತಿತೋ ಅದರ ಹಿಂದಿನ ಕೆಪಾಸಿಟರ್ ಕಿತ್ತರೆ ಸಾಮಾನ್ಯವಾಗಿ ಶಾರ್ಟ್ ಹೋಗುತ್ತದೆ. ಕೆಲವು ಸಲ ಹೋಗಲ್ಲ. ನಾಲ್ಕು ಪದರದ ಬೋರ್ಡ್‌ಗಳಲ್ಲಿ ಈ ವಿಧಾನ ನನಗೆ ಅಷ್ಟಾಗಿ ಕೈಹಿಡಿದಿಲ್ಲ.

ಈಗ ಮೇಜಿನ ಮೇಲೆ ಇರುವುದು ಗ್ರೈಂಡರ್ ಮೋಟಾರಿನ ಆರ್ಮೇಚರ್, ಅಂದರೆ ಕಾಯಿಲ್ ಸುತ್ತಿದ ತಿರುಗುವ ಭಾಗ. ಕಮ್ಯುಟೇಟರ್‌ನ (ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉಂಗುರ) ಎದುರುಬದುರು ಪಟ್ಟಿಗಳಿಗೆ ಕರೆಂಟ್ ಬಿಟ್ಟು, ಅಕ್ಕಪಕ್ಕದ ಪಟ್ಟಿಗಳ ನಡುವೆ ಒಂದೊಂದಾಗಿ ಮಿಲಿವೋಲ್ಟ್ ಓದುತ್ತಾ ಬಂದೆ. ಎಲ್ಲ ಕಡೆ ಹದಿಮೂರು ಆಸುಪಾಸು. ಶಾರ್ಟ್ ಇದ್ದರೆ ಒಂದು ಕಡೆ ತೀರಾ ಕಡಿಮೆ ಬರಬೇಕಿತ್ತು, ಬರಲಿಲ್ಲ. ಒಂದೇ ಒಂದು ಜಾಗದಲ್ಲಿ ಮೂವತ್ತು ದಾಟಿತು. ಭೂತಗನ್ನಡಿ ಹಿಡಿದರೂ ಅಲ್ಲಿ ಏನೂ ಕಾಣಲಿಲ್ಲ. ತಂತಿ ಪಟ್ಟಿಗೆ ಸೇರುವಲ್ಲಿ ಬೆಸುಗೆ ಮತ್ತೆ ಕರಗಿಸಿದೆ. ಪೂರ್ತಿ ತಣ್ಣಗಾಗಲು ಬಿಟ್ಟೆ, ಯಾಕೆಂದರೆ ಬಿಸಿ ಜಾಯಿಂಟ್ ತಾನೇ ಒಂದಿಷ್ಟು ಮೈಕ್ರೋವೋಲ್ಟ್ ಹುಟ್ಟಿಸುತ್ತದೆ, ರೆಸಿಸ್ಟೆನ್ಸೂ ಜಾಸ್ತಿ ತೋರಿಸುತ್ತದೆ. ಕರೆಂಟ್ ಉಲ್ಟಾ ಮಾಡಿಯೂ ಓದಿದೆ. ಎರಡೂ ಕಡೆ ಹದಿಮೂರಕ್ಕೆ ಬಂತು. ಹೊಸ ಆರ್ಮೇಚರ್ ಆರ್ಡರ್ ಮಾಡಿದ್ದನ್ನು ಕ್ಯಾನ್ಸಲ್ ಮಾಡಿಸಿ, ಬ್ರಷ್ ಮಾತ್ರ ಬದಲಿಸಿ ಜೋಡಿಸಿದ್ದೇನೆ. ನಾಳೆ ತಗೊಂಡು ಹೋಗುತ್ತಾರೆ.